‘ಅಪಾಯಕಾರಿ ಕಟ್ಟಡ’ ಎಂಬ ಮುದ್ರೆ ಮತ್ತು ಡಬ್ಲಿನ್ ಕಳೆದುಕೊಂಡ ಮನೆಗಳು

ಸಂಪಾದಕರಿಗೆ,

ಮಾನ್ಯರೇ,

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡವನ್ನೂ ದೇವರಾಜ ಮಾರುಕಟ್ಟೆಯನ್ನೂ ಕೆಡವಬೇಕೋ ಉಳಿಸಬೇಕೋ ಎಂಬ ವಿಚಾರವಾಗಿ ಪತ್ರಿಕೆಗಳಿಗೆ ಓದುಗರು ಬರೆಯುವ ಪತ್ರಗಳನ್ನು ವರ್ಷಗಳಿಂದ ದೂರದಲ್ಲಿದ್ದುಕೊಂಡೇ ಓದುತ್ತ ಬಂದಿದ್ದೇನೆ. ಉಳಿಸಬೇಕೆನ್ನುವವರ ಪತ್ರಗಳಲ್ಲಿ ಒಂದು ಮಾತು ತಪ್ಪದೆ ಇರುತ್ತದೆ: ಯುರೋಪಿನವರು ಇನ್ನೂರು ವರ್ಷದ ಮನೆಗಳನ್ನು ಕಣ್ಣರೆಪ್ಪೆಯಂತೆ ಕಾಪಾಡಿಕೊಂಡಿದ್ದಾರೆ, ನಮಗೆ ಆ ಬುದ್ಧಿಯಿಲ್ಲ. ನಾನು ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿ ಬೆಳೆದವಳು. ಹದಿಮೂರು ವರ್ಷಗಳಿಂದ ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನಲ್ಲಿ ಸಿವಿಲ್ ಎಂಜಿನಿಯರ್ ಆಗಿ ಕೆಲಸ ಮಾಡುತ್ತಿದ್ದೇನೆ. ಈ ನಗರದ ಮಟ್ಟಿಗೆ ಆ ಮಾತು ನಿಜವಲ್ಲ ಎಂಬುದನ್ನು ತಮ್ಮ ಓದುಗರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ಡಬ್ಲಿನ್ ತನ್ನ ಹಳೆಯ ಮನೆಗಳನ್ನು ನೂರಾರು ಸಂಖ್ಯೆಯಲ್ಲಿ ತಾನೇ ಕೆಡವಿಕೊಂಡಿತು. ಯುದ್ಧದ ಬಾಂಬುಗಳಿಂದ ಹೋದವು ಕೆಲವೇ. ಹೆಚ್ಚಿನವು ಹೋದದ್ದು ಕಚೇರಿಯ ಕಾಗದಗಳಿಂದ, ‘ಅಪಾಯಕಾರಿ ಕಟ್ಟಡ’ ಎಂಬ ಮುದ್ರೆಯಿಂದ. ಆ ಮುದ್ರೆ ಹೇಗೆ ಕೆಲಸ ಮಾಡಿತು ಎಂಬುದೇ ಈ ಪತ್ರದ ವಿಷಯ.

ಮೊದಲು ಆ ಮನೆಗಳು ಯಾವುವು ಎಂದು ಹೇಳಬೇಕು. ಹದಿನೆಂಟನೆಯ ಶತಮಾನದಲ್ಲಿ, ಬ್ರಿಟನ್ನಿನ ಜಾರ್ಜ್ ಹೆಸರಿನ ದೊರೆಗಳು ಒಬ್ಬರಾದ ಮೇಲೊಬ್ಬರು ಆಳುತ್ತಿದ್ದ ಕಾಲದಲ್ಲಿ, ಡಬ್ಲಿನ್ ಹೊಸದಾಗಿ ಕಟ್ಟಲ್ಪಟ್ಟಿತು. ಆದ್ದರಿಂದಲೇ ಈ ಮನೆಗಳಿಗೆ ‘ಜಾರ್ಜಿಯನ್’ ಎಂಬ ಹೆಸರು. ಇಕ್ಕಟ್ಟಾದ ಹಳೆಯ ಓಣಿಗಳನ್ನು ಒಡೆದು ಅಗಲವಾದ ಬೀದಿಗಳನ್ನು ಮಾಡಲೆಂದೇ 1757ರಲ್ಲಿ ಇಲ್ಲಿ ಒಂದು ಆಯೋಗ ರಚನೆಯಾಯಿತು. ನಗರ ಯೋಜನೆಗಾಗಿಯೇ ಅಷ್ಟು ಹಿಂದೆ ಕಾನೂನಿನ ಬಲದಿಂದ ಒಂದು ಸಂಸ್ಥೆ ಹುಟ್ಟಿದ್ದು ಅಂದಿನ ಯುರೋಪಿನಲ್ಲಿ ಅಪರೂಪದ ಸಂಗತಿ. ಊರ ನಡುವೆ ಹರಿಯುವ ಲಿಫಿ ನದಿಯ ಉತ್ತರಕ್ಕೆ ಗಾರ್ಡಿನರ್ ಮನೆತನ ಹೆನ್ರಿಯೆಟಾ ಬೀದಿಯನ್ನೂ ಮೌಂಟ್‌ಜಾಯ್ ಚೌಕವನ್ನೂ, ದಕ್ಷಿಣಕ್ಕೆ ಫಿಟ್ಸ್‌ವಿಲಿಯಂ ಮನೆತನ ಮೆರಿಯನ್ ಚೌಕವನ್ನೂ ಫಿಟ್ಸ್‌ವಿಲಿಯಂ ಚೌಕವನ್ನೂ ರೂಪಿಸಿದವು. ನೆಲಮಾಳಿಗೆಯ ಮೇಲೆ ಮೂರು ನಾಲ್ಕು ಅಂತಸ್ತು, ಸಾಲಾಗಿ ಒಂದಕ್ಕೊಂದು ತಾಗಿದ ಇಟ್ಟಿಗೆಯ ಮನೆಗಳು, ಮೇಲೆ ಹೋದಂತೆ ಎತ್ತರ ಕಡಿಮೆಯಾಗುವ ಕಿಟಕಿಗಳು, ಬಾಗಿಲ ಮೇಲೆ ಬೀಸಣಿಗೆ ಬಿಚ್ಚಿಟ್ಟಂತಹ ಗಾಜಿನ ಕಮಾನು. ಹೊರಗಿನಿಂದ ನೋಡಿದರೆ ಅವುಗಳಲ್ಲಿ ಬೆಡಗು ಅಷ್ಟಾಗಿಲ್ಲ. ಇರುವುದೆಲ್ಲ ಒಳಗಿನ ಗಾರೆಯ ಕೆತ್ತನೆಯಲ್ಲಿ. ಬೀದಿಗೆ ಚೆಲುವು ಬರುವುದು ಒಂದು ಮನೆಯಿಂದಲ್ಲ, ಇಡೀ ಸಾಲು ಮುರಿಯದೆ ನಿಂತಿರುವುದರಿಂದ. ಈ ಸಂಗತಿಯನ್ನು ಮರೆತದ್ದಕ್ಕೆ ಡಬ್ಲಿನ್ ಆಮೇಲೆ ದೊಡ್ಡ ಬೆಲೆ ತೆತ್ತಿತು.

1801ರಲ್ಲಿ ಐರ್ಲೆಂಡಿನ ಸಂಸತ್ತು ರದ್ದಾಗಿ ಆಡಳಿತ ಲಂಡನ್ನಿಗೆ ಹೋಯಿತು. ಸಂಸತ್ ಭವನ ಬ್ಯಾಂಕಾಯಿತು. ಪ್ರಭುಗಳು ಮನೆ ಬಿಟ್ಟು ಹೊರಟರು, ಉತ್ತರ ಭಾಗದ ಭವ್ಯ ಮನೆಗಳು ಕಾಲಕ್ರಮದಲ್ಲಿ ವಠಾರಗಳಾದವು. ಹೆನ್ರಿಯೆಟಾ ಬೀದಿಯ 14ನೆಯ ಮನೆಯನ್ನು ಈಗ ನಗರಪಾಲಿಕೆ ದುರಸ್ತಿ ಮಾಡಿ 2018ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದಿದೆ. 1740ರ ದಶಕದಲ್ಲಿ ಒಂದು ಶ್ರೀಮಂತ ಕುಟುಂಬಕ್ಕಾಗಿ ಕಟ್ಟಿದ ಆ ಮನೆಯಲ್ಲಿ 1911ರ ಜನಗಣತಿಯ ಹೊತ್ತಿಗೆ ನೂರು ಜನ ವಾಸವಾಗಿದ್ದರು. ಹೆಚ್ಚು ಬಾಡಿಗೆದಾರರಿಗೆ ಜಾಗ ಮಾಡಲು ದೊಡ್ಡ ಮೆಟ್ಟಿಲಸಾಲನ್ನೇ ಮಾಲೀಕರು ಕಿತ್ತುಹಾಕಿದ್ದರು.

ಆ ಮನೆಗೆ ಮೊದಲ ಸಲ ಹೋದಾಗ ನನ್ನನ್ನು ನಿಲ್ಲಿಸಿದ್ದು ಗಾರೆಯ ಕೆತ್ತನೆಯಲ್ಲ, ವಠಾರದ ಕಾಲದ ನಡುದಾರಿಯ ಗೋಡೆ. ಕೆಳಗಿನ ಅರ್ಧಕ್ಕೆ ಕೆಂಪು ಮಣ್ಣಿನ ಬಣ್ಣ, ಮೇಲಿನ ಅರ್ಧಕ್ಕೆ ತಿಳಿಯಾದ ನೀಲಿ. ಆ ನೀಲಿಯು, ಬಟ್ಟೆ ಒಗೆಯುವಾಗ ಹಾಕುವ ರೆಕಿಟ್ ಕಂಪನಿಯ ನೀಲಿ ಎಂದು ತೋರಿಸಲು ಬಂದವರು ಹೇಳಿದರು. ನಮ್ಮ ಅಗ್ರಹಾರದ ಮನೆಯಲ್ಲಿ ಯುಗಾದಿಗೆ ಮುಂಚೆ ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿ ಗೋಡೆಗೆ ಬಳಿಯುತ್ತಿದ್ದರು, ಜಗುಲಿಯ ಅಂಚಿಗೆ ಕೆಮ್ಮಣ್ಣು ಸಾರಿಸುತ್ತಿದ್ದರು. ಎಂಟು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಊರಿನಲ್ಲಿ, ಒಂದೇ ಕೋಣೆಯಲ್ಲಿ ಬದುಕು ನೂಕಿದ ಬಡವರು ಅದೇ ಎರಡು ಬಣ್ಣಗಳಿಂದ ತಮ್ಮ ನಡುದಾರಿಯನ್ನು ಲಕ್ಷಣವಾಗಿ ಇಟ್ಟುಕೊಂಡಿದ್ದರು. ದುರಸ್ತಿ ಮಾಡಿದವರು ಆ ಬಣ್ಣವನ್ನು ಕೆರೆದು ಪ್ರಭುಗಳ ಕಾಲಕ್ಕೆ ಹಿಂದಿರುಗಿಸದೆ, ಹಾಗೆಯೇ ಉಳಿಸಿದ್ದು ನನ್ನ ಮಟ್ಟಿಗೆ ಬಹಳ ದೊಡ್ಡ ವಿವೇಕ. ಕಟ್ಟಡದ ಇತಿಹಾಸವೆಂದರೆ ಅದನ್ನು ಕಟ್ಟಿಸಿದವರ ಇತಿಹಾಸ ಮಾತ್ರವಲ್ಲ, ಅದರಲ್ಲಿ ಬಾಳಿದವರದೂ ಹೌದು.

ಆದರೆ ವಠಾರದ ಬದುಕನ್ನು ಚೆಂದಗಾಣಿಸಿ ಹೇಳಲು ನನಗೆ ಮನಸ್ಸಿಲ್ಲ. 1913ರ ಸೆಪ್ಟೆಂಬರ್ 2ರಂದು ಚರ್ಚ್ ಬೀದಿಯಲ್ಲಿ ಅಂತಹ ಎರಡು ಮನೆಗಳು ಕುಸಿದು ಏಳು ಮಂದಿ ಸತ್ತರು. ಒಡಹುಟ್ಟಿದವರನ್ನು ಹೊರಗೆ ತಂದು, ತಂಗಿಯೊಬ್ಬಳಿಗಾಗಿ ಮತ್ತೆ ಒಳಗೆ ಹೋದ ಹದಿನೇಳರ ಹುಡುಗನೂ ಅವರಲ್ಲಿದ್ದ. ಅದರ ಬೆನ್ನಲ್ಲೇ ನಡೆದ ಸರ್ಕಾರಿ ವಿಚಾರಣೆಯ ವರದಿ 1914ರಲ್ಲಿ ಹೊರಬಂದಾಗ, ನಗರದಲ್ಲಿ ಸುಮಾರು 26,000 ಕುಟುಂಬಗಳು ವಠಾರಗಳಲ್ಲಿರುವುದೂ ಅವುಗಳಲ್ಲಿ 20,000ಕ್ಕೂ ಹೆಚ್ಚು ಕುಟುಂಬಗಳಿಗೆ ಒಂದೊಂದೇ ಕೋಣೆ ಇರುವುದೂ ಬಯಲಾಯಿತು. ನಗರಸಭೆಯ ಕೆಲವು ಸದಸ್ಯರೇ ವಠಾರಗಳ ಮಾಲೀಕರಾಗಿದ್ದರೆಂಬುದೂ ಅದರಲ್ಲಿತ್ತು. ಬಾಡಿಗೆ ವಸೂಲಿ ಮಾಡುವವರೂ ಕಟ್ಟಡ ಪರಿಶೀಲಿಸಬೇಕಾದವರೂ ಒಂದೇ ಕಡೆ ಕುಳಿತಿದ್ದರೆ ದುರಸ್ತಿ ಆಗುವುದಾದರೂ ಹೇಗೆ?

ಐವತ್ತು ವರ್ಷಗಳ ಅನಂತರ ಅದೇ ಕಥೆ ಮರುಕಳಿಸಿತು. 1963ರ ಜೂನ್ ಮೊದಲಲ್ಲಿ ಬೋಲ್ಟನ್ ಬೀದಿಯ ಒಂದು ಮನೆ ಕುಸಿದು ವೃದ್ಧ ದಂಪತಿ ತೀರಿಕೊಂಡರು. ಜೂನ್ 11ರಂದು ಡಬ್ಲಿನ್ ಕಂಡುಕೇಳರಿಯದ ಕುಂಭದ್ರೋಣ ಮಳೆ ಸುರಿಯಿತು. ಮರುದಿನ ಫೀನಿಯನ್ ಬೀದಿಯಲ್ಲಿ ಮನೆಗಳು ಉರುಳಿ, ಅಂಗಡಿಗೆಂದು ಆ ದಾರಿಯಲ್ಲಿ ಬಂದಿದ್ದ ಎಂಟು ಒಂಬತ್ತು ವರ್ಷದ ಇಬ್ಬರು ಬಾಲಕಿಯರು ಸತ್ತರು. ಊರು ನಡುಗಿತು. ಪಾಲಿಕೆಯ ಪರಿಶೀಲಕರು ಬೀದಿಬೀದಿಗೆ ಹೋಗಿ ಹಳೆಯ ಮನೆಗಳಿಗೆ ‘ಅಪಾಯಕಾರಿ’ ಎಂದು ನೋಟಿಸು ಹಚ್ಚತೊಡಗಿದರು. ನಾಲ್ಕು ಜೀವ ಹೋದ ಮೇಲೆ ಆ ಅಧಿಕಾರಿಗಳು ಹೆದರಿದ್ದರಲ್ಲಿ ತಪ್ಪಿಲ್ಲ. ತಪ್ಪು ಇದ್ದದ್ದು ಆಮೇಲಿನ ಹೆಜ್ಜೆಯಲ್ಲಿ. ಅಪಾಯ ಮನೆಯ ಯಾವ ಭಾಗದಲ್ಲಿದೆ, ಯಾವುದರಿಂದ ಬಂತು, ಊರೆ ಕೊಟ್ಟು ನಿಲ್ಲಿಸಿ ಸರಿಪಡಿಸಲು ಬರುತ್ತದೆಯೇ ಎಂಬ ಪ್ರಶ್ನೆಗಳನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಜನರನ್ನು ಖಾಲಿ ಮಾಡಿಸುವುದು, ಮನೆ ಕೆಡವುವುದು, ಇವೆರಡೇ ದಾರಿ ಎಂದಾಯಿತು.

ಇಂತಹ ಮನೆ ಕುಸಿಯುವುದು ಹೇಗೆ ಎಂಬುದನ್ನು ನಾನು ಪುಸ್ತಕದಲ್ಲಿ ಓದುವುದಕ್ಕಿಂತ ಮುಂಚೆ ಕಣ್ಣಾರೆ ಕಂಡೆ. ಈ ಊರಿಗೆ ಬಂದ ಎರಡನೆಯ ವರ್ಷ ಮೌಂಟ್‌ಜಾಯ್ ಚೌಕದ ಹತ್ತಿರ ಅಂಥದೊಂದು ಮನೆಯ ಮೇಲಂತಸ್ತಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಚಾವಣಿಯ ಮೂಲೆಯಲ್ಲಿ ಚಹಾ ಚೆಲ್ಲಿದಂತಹ ಕಲೆ ಕಾಣಿಸಿಕೊಂಡು ಚಳಿಗಾಲವಿಡೀ ಹಿಗ್ಗುತ್ತ ಹೋಯಿತು. ಬಾಡಿಗೆ ನೋಡಿಕೊಳ್ಳುವವರಿಗೆ ಮೂರು ಸಲ ಹೇಳಿದೆ. ಮೂರನೆಯ ಸಲ ಒಬ್ಬರು ಬಂದು ಕಲೆಯ ಮೇಲೆ ಬಿಳಿ ಬಣ್ಣ ಬಳಿದು ಹೋದರು. ಕೊನೆಗೆ ಜೊತೆಗಿದ್ದ ಗೆಳತಿಯೂ ನಾನೂ ಏಣಿ ಇಟ್ಟು ಮಾಡಿಗೆ ಹತ್ತಿದೆವು. ಈ ಮನೆಗಳ ಮಾಡು ಬೀದಿಗೆ ಕಾಣದಂತೆ ಮುಂದೆ ಪ್ಯಾರಾಪೆಟ್ ಗೋಡೆ ಇರುತ್ತದೆ. ಅದರ ಹಿಂದೆ ಎರಡು ಇಳಿಜಾರುಗಳು, ಅವೆರಡರ ನಡುವೆ ಸೀಸದ ತಗಡು ಹಾಸಿದ ಮಳೆನೀರಿನ ದೋಣಿ. ಇಡೀ ಮಾಡಿನ ನೀರು ಆ ದೋಣಿಯಲ್ಲೇ ಹರಿದು ಹೊರಬೀಳಬೇಕು. ನಾವು ಹತ್ತಿ ನೋಡಿದಾಗ ದೋಣಿ ತುಂಬ ಪಾರಿವಾಳದ ಪುಕ್ಕ, ಕೊಳೆತ ಎಲೆ, ಅವುಗಳ ನಡುವೆ ಮೊಣಕಾಲೆತ್ತರದ ಬಡ್ಲೆಯಾ ಗಿಡ. ನಮ್ಮಲ್ಲಿ ಹಳೆಯ ಗೋಡೆಗೆ ಅರಳಿ ಗಿಡ ಹುಟ್ಟುವ ಹಾಗೆ ಇಲ್ಲಿ ಈ ನೇರಳೆ ಹೂವಿನ ಗಿಡ ಸಂದಿಯಲ್ಲಿ ಬೇರೂರುತ್ತದೆ. ನೀರು ಹೊರಗೆ ಹೋಗಲು ದಾರಿಯಿಲ್ಲದೆ ಗೋಡೆಯೊಳಗೆ ಇಳಿಯುತ್ತಿತ್ತು. ಈ ಗೋಡೆಗಳ ಒಳಗೆ ಇಟ್ಟಿಗೆಯ ವರಸೆಗಳ ನಡುವೆ ಮರದ ಪಟ್ಟಿಗಳನ್ನು ಹೂತಿರುತ್ತಾರೆ, ಪ್ರತಿ ಅಂತಸ್ತಿನ ಜಂತೆಗಳ ತುದಿ ಗೋಡೆಯೊಳಗೆ ಕುಳಿತಿರುತ್ತದೆ. ಒಂದು ಜಂತೆಯ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿದೆ. ಹಣ್ಣಾದ ಬಾಳೆಗೆ ಚುಚ್ಚಿದ ಹಾಗೆ ಒಳಗೆ ಹೋಯಿತು. ನಾಲ್ಕು ಚೀಲ ಕಸ ತೆಗೆದೆವು. ಬೇಸಿಗೆಯ ಹೊತ್ತಿಗೆ ಚಾವಣಿ ಒಣಗಿತು. ಲಡ್ಡಾದ ಆ ಜಂತೆಯ ತುದಿಗೆ ಹೊಸ ಮರ ಕೂಡಿಸಲು ಇನ್ನೂ ಒಂದು ವರ್ಷ ಹಿಡಿಯಿತು.

ಇನ್ನೂರು ವರ್ಷ ನಿಂತ ಮನೆ ‘ವಯಸ್ಸಾಯಿತು’ ಎಂದು ಬೀಳುವುದಿಲ್ಲ. ನೀರಿನ ದಾರಿ ಕಟ್ಟಿಕೊಂಡು, ಮರ ಕೊಳೆತು, ಗೋಡೆಗೂ ಜಂತೆಗೂ ಇದ್ದ ಹಿಡಿತ ತಪ್ಪಿ ಬೀಳುತ್ತದೆ. ಅದಕ್ಕೆ ಹತ್ತಿಪ್ಪತ್ತು ವರ್ಷಗಳ ಅಲಕ್ಷ್ಯ ಬೇಕು. ಆದರೆ ನೋಟಿಸಿನಲ್ಲಿ ಬರುವುದು ಕೊನೆಯ ದಿನದ ಸ್ಥಿತಿ ಮಾತ್ರ. ಆ ಹತ್ತಿಪ್ಪತ್ತು ವರ್ಷ ಅದರಲ್ಲಿ ಬರುವುದಿಲ್ಲ. ಇದನ್ನು ಡಬ್ಲಿನ್‌ನ ಭೂವ್ಯವಹಾರಸ್ಥರು ಬಹಳ ಬೇಗ ಕಲಿತರು. ಮನೆ ಕೊಳ್ಳುವುದು, ಬಾಡಿಗೆದಾರರನ್ನು ಬಿಡಿಸುವುದು, ಕಿಟಕಿ ಮುರಿದರೆ ಹಾಗೆಯೇ ಬಿಡುವುದು, ಮಾಡಿನ ಸೀಸವನ್ನು ಕಳ್ಳರು ಕಿತ್ತೊಯ್ದರೆ ದೂರು ಕೊಡದಿರುವುದು. ಕೆಲವು ಮಳೆಗಾಲ ಕಳೆದರೆ ಅಪಾಯಕಾರಿ ಎಂಬ ನೋಟಿಸು ತಾನಾಗಿ ಬರುತ್ತಿತ್ತು, ಕೆಡವಲು ಅನುಮತಿ ಕೇಳುವ ಕಷ್ಟವೂ ತಪ್ಪುತ್ತಿತ್ತು. ಮೌಂಟ್‌ಜಾಯ್ ಚೌಕದ ದಕ್ಷಿಣದ ಸಾಲು ಹೀಗೆಯೇ ಹಲ್ಲುದುರಿದ ಬಾಯಿಯಂತಾಯಿತು. 1958ರಲ್ಲಿ ಐರಿಶ್ ಜಾರ್ಜಿಯನ್ ಸೊಸೈಟಿಯನ್ನು ಕಟ್ಟಿದ ಡೆಸ್ಮಂಡ್ ಮತ್ತು ಮರಿಗಾ ಗಿನ್ನೆಸ್ ದಂಪತಿ ಆ ಸಾಲಿನ ನಡುವಿನ 50ನೆಯ ಮನೆಯನ್ನು ಕೊಂಡು, ಇಡೀ ಸಾಲನ್ನು ಒಂದೇ ನಿವೇಶನವಾಗಿಸುವ ಯೋಜನೆಗೆ ಅಡ್ಡ ನಿಂತರು. ಆದರೂ ಸಾಲು ಉಳಿಯಲಿಲ್ಲ. ಇಂದು ಅಲ್ಲಿ ನಿಂತಿರುವುದು ಹಳೆಯ ಮುಖವನ್ನು ಅನುಕರಿಸಿ ಆಮೇಲೆ ಕಟ್ಟಿದ ಗೋಡೆ. ಹಿಂದೆ ಎಲ್ಲವೂ ಹೊಸತು.

ಮನೆ ಕೆಡವಿದ ಮೇಲೆ ಜನ ಎಲ್ಲಿಗೆ ಹೋದರು ಎಂಬುದನ್ನೂ ಹೇಳಬೇಕು. ನಗರದ ಉತ್ತರದಂಚಿನ ಬ್ಯಾಲಿಮನ್‌ನಲ್ಲಿ 1960ರ ದಶಕದ ಕೊನೆಗೆ ಹದಿನೈದು ಅಂತಸ್ತಿನ ಏಳು ಗೋಪುರಗಳೂ ಅವುಗಳ ಸುತ್ತ ಇನ್ನಷ್ಟು ಕಾಂಕ್ರೀಟ್ ಕಟ್ಟಡಗಳೂ ಎದ್ದವು. 1916ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಏಳು ಹುತಾತ್ಮರ ಹೆಸರುಗಳನ್ನು ಆ ಗೋಪುರಗಳಿಗೆ ಇಟ್ಟರು. ಹಳೆಯ ಕೇರಿಯಿಂದ ಬಂದವರಿಗೆ ಮನೆಯೊಳಗೆ ಸ್ನಾನದ ಕೋಣೆ, ಬಿಸಿನೀರು ಸಿಕ್ಕಿತು. ಅದು ಸಣ್ಣ ಮಾತಲ್ಲ. ಅಂಗಡಿ, ಶಾಲೆ, ಬಸ್ಸು ಮಾತ್ರ ಹೇಳಿದ ಹೊತ್ತಿಗೆ ಬರಲಿಲ್ಲ, ಲಿಫ್ಟು ಪದೇ ಪದೇ ಕೆಟ್ಟಿತು. 2004ರಿಂದ ಗೋಪುರಗಳನ್ನು ಕೆಡವಲು ಶುರುಮಾಡಿ 2015ರಲ್ಲಿ ಕೊನೆಯದನ್ನೂ ಇಳಿಸಿದರು. ಬಾಳಲಾರವೆಂದು ಬಿಟ್ಟುಬಂದ ಇಟ್ಟಿಗೆಯ ಮನೆಗಳಲ್ಲಿ ಉಳಿದವು ಇಂದಿಗೂ ನಿಂತಿವೆ. ಬದಲಿಗೆ ಕಟ್ಟಿದವು ಐವತ್ತು ವರ್ಷವೂ ಬಾಳಲಿಲ್ಲ. ಹೊಸದಾಗಿ ಕಟ್ಟಿದ್ದೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಪಾಲಿಕೆಯ ವಸತಿ ವಾಸ್ತುಶಿಲ್ಪಿಯಾಗಿದ್ದ ಹರ್ಬರ್ಟ್ ಸಿಮ್ಸ್ 1932ರಿಂದ 1948ರವರೆಗೆ ಸುಮಾರು 17,000 ಮನೆಗಳನ್ನು ಕಟ್ಟಿಸಿದರು. ಹಳೆಯ ಕೇರಿಗಳ ನಡುವೆಯೇ, ನಾಲ್ಕೈದು ಅಂತಸ್ತಿಗೆ ಮೀರದೆ, ದುಂಡು ಮೂಲೆಯ ಇಟ್ಟಿಗೆ ಕಟ್ಟಡಗಳಲ್ಲಿ ಮಾಡಿದ ಆ ಮನೆಗಳಲ್ಲಿ ಇಂದಿಗೂ ಜನ ಬಾಳುತ್ತಿದ್ದಾರೆ. ಜನರನ್ನು ಊರಾಚೆಗೆ ಕಳಿಸದೆ ಅವರ ಬೀದಿಯಲ್ಲೇ ಮನೆ ಕೊಡುವುದು ಸಾಧ್ಯವಿತ್ತು ಎಂಬುದಕ್ಕೆ ಅವು ಸಾಕ್ಷಿ.

ಅಲಕ್ಷ್ಯದ ಹಿಂದೆ ಒಂದು ಭಾವನೆಯೂ ಇತ್ತು. ಈ ಮನೆಗಳನ್ನು ಕಟ್ಟಿಸಿದವರು ಇಂಗ್ಲಿಷ್ ಆಳ್ವಿಕೆಯ ಪ್ರಭುಗಳು. ಸ್ವತಂತ್ರ ಐರ್ಲೆಂಡಿಗೆ ಅವು ಯಾಕೆ ಬೇಕು ಎಂದು ಕೇಳುವವರಿದ್ದರು. 1970ರಲ್ಲಿ ಸ್ಥಳೀಯಾಡಳಿತ ಸಚಿವ ಕೆವಿನ್ ಬೋಲೆಂಡ್ ಈ ಮನೆಗಳ ಪರ ನಿಂತವರನ್ನು ಸಂಸತ್ತಿನಲ್ಲೇ ಅರ್ಲ್ ಪದವಿಯ ಶ್ರೀಮಂತರು, ಅವರ ಮಡದಿಯರು ಮತ್ತು ಎಡಪಂಥೀಯ ಬುದ್ಧಿಜೀವಿಗಳ ಕೂಟವೆಂದು ಜರೆದರು. ಆ ಮನೆಗಳ ಇಟ್ಟಿಗೆ ಇಟ್ಟವರು, ಗಾರೆ ಕೆತ್ತಿದವರು ಡಬ್ಲಿನ್‌ನ ಕುಶಲಕರ್ಮಿಗಳೆಂಬುದಾಗಲಿ, ತಲೆಮಾರುಗಟ್ಟಲೆ ಅವುಗಳಲ್ಲಿ ಬಾಳಿದವರು ಐರಿಶ್ ಬಡವರೆಂಬುದಾಗಲಿ ಆ ವಾದದಲ್ಲಿ ಎಲ್ಲಿಯೂ ಬರಲಿಲ್ಲ. ಮೈಸೂರಿನ ಕಟ್ಟಡವನ್ನೂ ‘ಬ್ರಿಟಿಷ್ ವೈಸರಾಯ್ ಹೆಸರಿನದು, ಹೋದರೆ ಹೋಗಲಿ’ ಎನ್ನುವವರನ್ನು ಕಂಡಾಗ ನನಗೆ ಇದು ನೆನಪಾಗುತ್ತದೆ. ಆ ವೈಸರಾಯ್ ಲ್ಯಾನ್ಸ್‌ಡೌನ್ ಐರ್ಲೆಂಡಿನ ಕೆರ್ರಿ ಸೀಮೆಯಲ್ಲಿ ಭಾರಿ ಜಮೀನಿದ್ದ ಮನೆತನದವರು. ಡಬ್ಲಿನ್‌ನಲ್ಲೂ ಆ ಮನೆತನದ ಹೆಸರಿನ ರಸ್ತೆಯಿದೆ. ಆದರೆ ಮೈಸೂರಿನ ಆ ಕಮಾನುಗಳ ಕೆಳಗೆ ಹಳೆಯ ಪುಸ್ತಕ ಕೊಂಡವರು, ಅಂಗಡಿ ಇಟ್ಟವರು ವೈಸರಾಯ್‌ಗಳಲ್ಲ, ನಾವು.

ಡಬ್ಲಿನ್‌ನ ಅತಿ ದೊಡ್ಡ ಗಾಯ ಮಾಡಿದ್ದು ಖಾಸಗಿಯವರಲ್ಲ, ಸರ್ಕಾರಿ ವಿದ್ಯುತ್ ಮಂಡಳಿ. ಫಿಟ್ಸ್‌ವಿಲಿಯಂ ಬೀದಿಯಲ್ಲಿ ಮೆರಿಯನ್ ಚೌಕದಿಂದ ಮುಂದಕ್ಕೆ ಸುಮಾರು ಒಂದು ಕಿಲೋಮೀಟರ್ ಉದ್ದ, ದೂರದ ಬೆಟ್ಟದ ಕಡೆಗೆ ಮುಖಮಾಡಿ ನಿಂತಿದ್ದ ಅಖಂಡ ಸಾಲಿನಿಂದ 1965ರಲ್ಲಿ 16 ಮನೆಗಳನ್ನು ಕಚೇರಿ ಕಟ್ಟಲೆಂದು ಕೆಡವಿದರು. ಮಂಡಳಿ ಕರೆಸಿದ್ದ ಹೆಸರಾಂತ ವಾಸ್ತು ಇತಿಹಾಸಕಾರ ಜಾನ್ ಸಮರ್‌ಸನ್ ಆ ಸಾಲನ್ನು ಒಂದಾದ ಮೇಲೊಂದು ಬರಿಯ ಮನೆ ಎಂದು ತಳ್ಳಿಹಾಕಿದರು. ಒಂದಾದ ಮೇಲೊಂದು ಮನೆ ಇದ್ದದ್ದೇ ಆ ಬೀದಿಯ ಸೊಬಗಾಗಿತ್ತು. ಹೊಸ ಯೋಜನಾ ಕಾಯ್ದೆ 1964ರ ಅಕ್ಟೋಬರ್ 1ರಂದು ಜಾರಿಗೆ ಬರುವ ಹೊಸ್ತಿಲಲ್ಲೇ ಸಚಿವರಿಂದ ಅನುಮತಿ ಸಿಕ್ಕಿತ್ತು. ಆ ಕಚೇರಿ ಅರ್ಧ ಶತಮಾನ ಬಾಳಿತು. ಈಗ ಅದನ್ನೂ ಕೆಡವಿ ಅದೇ ಮಂಡಳಿ ಹಳೆಯ ಸಾಲಿನ ಅಳತೆಗೆ ಹೊಂದುವ ಇಟ್ಟಿಗೆಯ ಮುಖವಿರುವ ಬೇರೊಂದನ್ನು ಕಟ್ಟಿಕೊಂಡಿದೆ.

ಜನ ಎಚ್ಚೆತ್ತದ್ದು ತಡವಾಗಿ. 1969ರ ಕೊನೆಯಲ್ಲಿ ವಾಸ್ತುಶಿಲ್ಪ ವಿದ್ಯಾರ್ಥಿಗಳು ಹ್ಯೂಮ್ ಬೀದಿಯ ಮನೆಗಳೊಳಗೆ ತಿಂಗಳುಗಟ್ಟಲೆ ಕುಳಿತು ಕೆಡವುವುದನ್ನು ತಡೆದರು. 1978ರ ಸೆಪ್ಟೆಂಬರಿನಲ್ಲಿ ವುಡ್ ಕೀ ಎಂಬಲ್ಲಿ ಸಾವಿರ ವರ್ಷದ ಹಿಂದಿನ ವೈಕಿಂಗ್ ಊರಿನ ಅವಶೇಷದ ಮೇಲೆ ಪಾಲಿಕೆ ಕಚೇರಿ ಕಟ್ಟುವುದನ್ನು ವಿರೋಧಿಸಿ ಸುಮಾರು ಇಪ್ಪತ್ತು ಸಾವಿರ ಜನ ಬೀದಿಗಿಳಿದರು. ಪಾದ್ರಿಯೂ ಇತಿಹಾಸದ ಪ್ರಾಧ್ಯಾಪಕರೂ ಆಗಿದ್ದ ಎಫ್. ಎಕ್ಸ್. ಮಾರ್ಟಿನ್ ಅದರ ಮುಂದಾಳು. ಕಚೇರಿ ಎದ್ದೇಬಿಟ್ಟಿತು. ಆದರೂ ಆ ಮೆರವಣಿಗೆಯ ನಂತರ ಹಳೆಯದನ್ನು ಉಳಿಸುವುದು ಅರ್ಲ್‌ಗಳ ಹವ್ಯಾಸವೆಂದು ಯಾರೂ ಸುಲಭವಾಗಿ ಹೇಳಲು ಆಗಲಿಲ್ಲ.

2000ದಿಂದ ಇಲ್ಲಿ ಕಾನೂನು ಗಟ್ಟಿಯಾಗಿದೆ. ಪಾಲಿಕೆಯ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಡಬ್ಲಿನ್ ಒಂದರಲ್ಲೇ ಎಂಟು ಸಾವಿರಕ್ಕೂ ಮಿಕ್ಕಿ ಕಟ್ಟಡಗಳಿವೆ. ಅಂತಹ ಕಟ್ಟಡವನ್ನು ಅಪಾಯದ ಸ್ಥಿತಿಗೆ ಹೋಗಲು ಬಿಡದಿರುವುದು ಮಾಲೀಕರ ಕರ್ತವ್ಯವೆಂದು ಕಾಯ್ದೆಯೇ ಹೇಳುತ್ತದೆ. ಅವರು ಮಾಡದಿದ್ದರೆ ಪಾಲಿಕೆ ದುರಸ್ತಿಗೆ ನೋಟಿಸು ಕೊಡಬಹುದು, ತಾನೇ ಮಾಡಿ ಖರ್ಚು ವಸೂಲಿ ಮಾಡಬಹುದು, ಕಡೆಗೆ ಕಟ್ಟಡವನ್ನೇ ಸ್ವಾಧೀನ ಮಾಡಿಕೊಳ್ಳಬಹುದು. 1963ರ ನೋಟಿಸು ಕೆಡವಲು ದಾರಿಯಾಗಿತ್ತು. ಇಂದಿನದು, ಕಾಗದದ ಮೇಲಾದರೂ, ಸರಿಪಡಿಸಲು ಹೇಳುತ್ತದೆ. ನನ್ನ ಕಣ್ಣಿಗೆ ಇಡೀ ಇತಿಹಾಸದಲ್ಲಿ ಇದಕ್ಕಿಂತ ಮುಖ್ಯವಾದ ಬದಲಾವಣೆಯಿಲ್ಲ. ಇಷ್ಟಾದರೂ 2020ರ ಸೆಪ್ಟೆಂಬರಿನಲ್ಲಿ, ಬ್ರಿಟಿಷರ ವಿರುದ್ಧ ನಡೆದ 1916ರ ದಂಗೆಯಲ್ಲಿ ಮಡಿದ ಓ’ರಹಿಲಿ ಬಾಳಿದ ಹರ್ಬರ್ಟ್ ಪಾರ್ಕ್‌ನ ಮನೆಯನ್ನು, ಪಟ್ಟಿಗೆ ಸೇರಿಸುವ ಪ್ರಕ್ರಿಯೆಗೆ ಪಾಲಿಕೆ ಸದಸ್ಯರು ಮತ ಹಾಕಿದ ಎರಡೇ ವಾರದಲ್ಲಿ ಒಂದು ಮುಂಜಾನೆ ಯಂತ್ರ ತಂದು ಉರುಳಿಸಿಬಿಟ್ಟರು. ಪಟ್ಟಿಗೆ ಸೇರುವ ಮುಂಚಿನ ಆ ಕೆಲವು ದಿನಗಳೇ ಯಾವ ಹಳೆಯ ಕಟ್ಟಡಕ್ಕೂ ಅತ್ಯಂತ ಅಪಾಯದ ದಿನಗಳು.

ಈಗಿನ ಸಂಕಟ ಬೇರೆ ಬಗೆಯದು. ಡಬ್ಲಿನ್‌ನಲ್ಲಿ ಬಾಡಿಗೆಗೆ ಮನೆ ಸಿಗುವುದಿಲ್ಲ. ಕರ್ನಾಟಕದಿಂದ ಇಲ್ಲಿನ ಆಸ್ಪತ್ರೆಗಳಿಗೆ ಬರುವ ದಾದಿಯರೂ ಸಾಫ್ಟ್‌ವೇರ್ ಕೆಲಸಕ್ಕೆ ಬರುವ ಹುಡುಗ ಹುಡುಗಿಯರೂ ಒಂದು ಕೋಣೆ ನೋಡಲು ಮಳೆಯಲ್ಲಿ ಸಾಲು ನಿಲ್ಲುತ್ತಾರೆ. ಮೊದಲ ವಾರ ನಮ್ಮ ಮನೆಯ ಸೋಫಾದ ಮೇಲೆ ಮಲಗಿದವರು ಹಲವರು. ಅದೇ ಹೊತ್ತಿಗೆ ಕೇಪಲ್ ಬೀದಿ, ಥಾಮಸ್ ಬೀದಿಗಳಲ್ಲಿ ಕೆಳಗೆ ಅಂಗಡಿ ನಡೆಯುತ್ತಿರುವ ಹಳೆಯ ಕಟ್ಟಡಗಳ ಮೇಲಂತಸ್ತುಗಳನ್ನು ತಲೆಯೆತ್ತಿ ನೋಡಿದರೆ ಕಿಟಕಿಯ ಗಾಜಿಗೆ ಧೂಳು ಕಟ್ಟಿರುತ್ತದೆ. ಅಂಗಡಿಯನ್ನು ಅಗಲ ಮಾಡಲು ಎಷ್ಟೋ ಕಡೆ ಮೇಲೆ ಹೋಗುವ ಮೆಟ್ಟಿಲನ್ನೇ ತೆಗೆದುಹಾಕಿದ್ದಾರೆ. ಮತ್ತೆ ಮನೆ ಮಾಡಬೇಕೆಂದರೆ ಬೆಂಕಿಯ ಸುರಕ್ಷತೆಗೊಂದು, ಅಂಗವಿಕಲರ ಪ್ರವೇಶಕ್ಕೊಂದು, ಸಂರಕ್ಷಣೆಗೊಂದು ಎಂದು ಬೇರೆ ಬೇರೆ ಅನುಮತಿ ಬೇಕು; ಸಣ್ಣ ಮಾಲೀಕರು ಅಲ್ಲಿಗೇ ಕೈಬಿಡುತ್ತಾರೆ. ಖಾಲಿ ಬಿದ್ದ ಮನೆಯನ್ನು ವಾಸಯೋಗ್ಯ ಮಾಡಿದರೆ ಸರ್ಕಾರ 50,000 ಯೂರೋವರೆಗೆ, ಪಾಳುಬಿದ್ದದ್ದಾದರೆ 70,000 ಯೂರೋವರೆಗೆ ಸಹಾಯಧನ ಕೊಡುತ್ತದೆ. ಪಾಳು ಬಿಟ್ಟರೆ ವರ್ಷಕ್ಕೆ ಮಾರುಕಟ್ಟೆ ಬೆಲೆಯ ಶೇ 7ರಷ್ಟು ದಂಡ ತೆರಬೇಕು. ದಂಡ ವಿಧಿಸಿದಷ್ಟು ವಸೂಲಿಯಾಗುತ್ತಿಲ್ಲ ಎಂಬ ದೂರು ಪ್ರತಿ ವರ್ಷವೂ ಇದೆ. ಆದರೂ ಕೊಡುವ ಕೈ, ಕೇಳುವ ಕೈ ಎರಡನ್ನೂ ಕಾನೂನಿನಲ್ಲಿ ಇಟ್ಟಿರುವುದು ಸರಿಯಾದ ದಾರಿ. ಜನ ಇರುವ ಮನೆಯಲ್ಲಿ ಸೋರಿದರೆ ಅದೇ ವಾರ ಗೊತ್ತಾಗುತ್ತದೆ. ಖಾಲಿ ಮನೆಯಲ್ಲಿ ಅದು ಗೊತ್ತಾಗುವುದು ಗೋಡೆ ಉಬ್ಬಿದ ಮೇಲೆ.

ಕೊನೆಯದಾಗಿ ಕೆಲಸಗಾರರ ಮಾತು. ಈ ಮನೆಗಳ ಇಟ್ಟಿಗೆ ಮೃದು, ಅದಕ್ಕೆ ಸುಣ್ಣದ ಗಾರೆಯೇ ಸರಿ. ಗೋಡೆಗೆ ಸೇರಿದ ತೇವ ಸುಣ್ಣದ ಸಂದಿನಿಂದ ಹೊರಗೆ ಆರಿಹೋಗುತ್ತದೆ. ಕಳೆದ ಶತಮಾನದಲ್ಲಿ ಗಟ್ಟಿಯಾಗಲಿ ಎಂದು ಸಿಮೆಂಟಿನಿಂದ ಸಂದು ತುಂಬಿದ ಕಡೆಯೆಲ್ಲ ತೇವ ಒಳಗೇ ಸಿಕ್ಕಿಬಿದ್ದು ಇಟ್ಟಿಗೆಯ ಮುಖ ಉದುರಿತು. ಮೈಸೂರಿನ ಹಳೆಯ ಕಟ್ಟಡಗಳೂ ಸುಣ್ಣದ ಗಾರೆಯವೇ, ಅವುಗಳಿಗೂ ಸಿಮೆಂಟ್ ಮೆತ್ತಿದವರಿದ್ದಾರೆ. ಡಬ್ಲಿನ್‌ನಲ್ಲಿ ಇಟ್ಟಿಗೆಯ ಸಂದನ್ನು ಬಣ್ಣದ ಗಾರೆಯಿಂದ ಮುಚ್ಚಿ ನಡುವೆ ಸುಣ್ಣದ ತೆಳು ಬಿಳಿ ಗೆರೆ ಎಳೆಯುವ ‘ವಿಗ್ಗಿಂಗ್’ ಎಂಬ ಸ್ಥಳೀಯ ಕಸುಬು ಇನ್ನೇನು ನಿಂತೇಹೋಗುವಂತಿತ್ತು. ಇತ್ತೀಚೆಗೆ ಹೊಸಬರು ಅದನ್ನು ಕಲಿಯುತ್ತಿದ್ದಾರೆ. ಒಂದು ಮನೆಯ ಮುಂಗೋಡೆಗೆ ಇಬ್ಬರು ಗಾರೆಯವರು ವಾರಗಟ್ಟಲೆ ಕೆಲಸ ಮಾಡುವುದನ್ನು ಅಟ್ಟಣೆಯ ಮೇಲೆ ನಿಂತು ನೋಡಿದ್ದೇನೆ. ಮೊಳ ಉದ್ದದ ಪಟ್ಟಿ ಹಿಡಿದು, ಉಸಿರು ಬಿಗಿಹಿಡಿದು ಒಂದೊಂದು ಗೆರೆ. ದುರಸ್ತಿಗೆ ಆಗುವ ಖರ್ಚಿನ ಬಹುಪಾಲು ಹೋಗುವುದು ಇಂತಹ ಕೈಗಳಿಗೆ, ಊರಿನ ಜನರ ಕೂಲಿಗೆ.

2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ತೀರಿಕೊಂಡರು. ಆ ಮನೆಗಳವರ ದುಃಖದ ಮುಂದೆ ಕಮಾನಿನ ಚೆಂದದ ಮಾತು ಆಡುವುದು ನನ್ನಿಂದಾಗದು. ಜೀವಕ್ಕೆ ಅಪಾಯವಿದ್ದರೆ ಜನರನ್ನು ಅಂದೇ ಹೊರಗೆ ಕರೆತರಬೇಕು. ಅದಾದ ಮೇಲೆ ಬರುವ ‘ಕೆಡವಿ’ ಎಂಬ ಮಾತನ್ನು ಮಾತ್ರ ಪರೀಕ್ಷಿಸದೆ ಒಪ್ಪಬೇಡಿ ಎಂಬುದು ನನ್ನ ವಿನಂತಿ. ಈ ಎರಡೂ ಕಟ್ಟಡಗಳ ಬಗ್ಗೆ ಬೇರೆ ಬೇರೆ ತಜ್ಞರು ಪರಿಶೀಲನಾ ವರದಿಗಳನ್ನು ಕೊಟ್ಟಿದ್ದಾರೆ. ಅವುಗಳನ್ನು ಪಡೆದು, ಯಾವ ಗೋಡೆ, ಯಾವ ಕಮಾನು, ಯಾವ ಮಾಡಿನ ಸ್ಥಿತಿ ಹೇಗಿದೆ, ಕುಸಿತಕ್ಕೆ ಮುಂಚಿನ ವರ್ಷಗಳಲ್ಲಿ ನಿರ್ವಹಣೆಗೆ ಎಷ್ಟು ಹಣ ಖರ್ಚಾಯಿತು ಎಂಬುದನ್ನು ಸಾಮಾನ್ಯ ಓದುಗರಿಗೆ ತಿಳಿಯುವ ಕನ್ನಡದಲ್ಲಿ ತಮ್ಮ ಪತ್ರಿಕೆ ಪೂರ್ತಿಯಾಗಿ ಪ್ರಕಟಿಸಬೇಕೆಂದು ಕೋರುತ್ತೇನೆ. ಕಟ್ಟಡದಿಂದ ತೆರವಾದ ಅಂಗಡಿಗಳವರಿಗೆ ಮರಳಿ ಅಲ್ಲೇ ಜಾಗ ಸಿಗುವ ಲಿಖಿತ ಭರವಸೆ ಇದೆಯೇ ಎಂಬುದನ್ನೂ ಅದರ ಜೊತೆಗೆ ಕೇಳಿ ತಿಳಿಸಿ.

ಇಂತು,
ಡಬ್ಲಿನ್‌ನಲ್ಲಿ ನೆಲೆಸಿರುವ ಮೈಸೂರಿನ ಓದುಗಾರ್ತಿ